ಸಭೆಯನ್ನು ಅಳಿಸಲು ಹೋದದ್ದು

ನಾಟಕದಲ್ಲಿ ಒಮ್ಮೆಯಾದರೂ ಅತ್ತು ಸಭೆಯನ್ನೂ ಅಳಿಸಬೇಕು ಎಂಬುದು ನನ್ನ ಆಸೆ. ಬದಿಯಡ್ಕದ ಜವಳಿ ಅಂಗಡಿಯನ್ನು ಮಗನಿಗೆ ಬಿಟ್ಟು, ಈ ವಯಸ್ಸಿನಲ್ಲಿ ಊರಿನ ತಂಡಕ್ಕೆ ಸೇರಿದ್ದು ಅದಕ್ಕೇ. ಆದರೆ ನಾನು ಅಳಲು ಬಾಯಿ ತೆರೆದಾಗಲೆಲ್ಲ ಏನಾದರೊಂದು ಆಗುತ್ತದೆ.

ಏನು, ಎಂತ

ನನಗೆ ಸಿಕ್ಕಿದ್ದು ಮುದಿ ರಾಜನ ಪಾತ್ರ. ಮಗ ಯುದ್ಧದಲ್ಲಿ ಸತ್ತ ಸುದ್ದಿ ಬರುತ್ತದೆ. ರಾಜ "ಏನು! ನನ್ನ ಕಂದ ಇನ್ನಿಲ್ಲವೇ?" ಎಂದು ಕುಸಿಯಬೇಕು. ನಾನು "ಎಂತ! ನನ್ನ ಕಂದ ಇನ್ನಿಲ್ಲವೇ?" ಎಂದು ಕುಸಿದೆ.

ತಾಲೀಮು ಅಲ್ಲಿಗೇ ನಿಂತಿತು. ತಂಡದವರಿಗೆಲ್ಲ ನಾನು ಮಾವ. ನಾಟಕ ಕಲಿಸುವವರು ಶಾಲೆಯ ಟೀಚರು. "ಮಾವ, ರಾಜರು 'ಎಂತ' ಹೇಳುದಿಲ್ಲ" ಎಂದರು.

"ಮತ್ತೆ ಎಂತ ಹೇಳ್ತಾರೆ?"

"ಏನು."

"ರಾಜರು ಎಂತ ಹೇಳ್ತಾರೆ ಅಂತ ಕೇಳಿದ್ದು," ಎಂದೆ, ಸ್ವಲ್ಪ ಜೋರಾಗಿ.

"ಅದೇ ಮಾವ, ಏನು!"

ಜೀವಮಾನವಿಡೀ ಗಿರಾಕಿಗಳಿಗೆ "ಎಂತ ಬೇಕು?" ಎಂದ ನಾಲಗೆ. ತಿರುಗುವುದು ಕಷ್ಟ. ಮನೆಯ ಜಗಲಿಯಲ್ಲಿ ನಡೆದಾಡುತ್ತ "ಏನು! ಏನು!" ಎಂದು ಅಭ್ಯಾಸ ಮಾಡಿದೆ. ಹೆಂಡತಿ ಒಳಗಿನಿಂದ "ನಾನು ಎಂತದ್ದೂ ಹೇಳ್ಳಿಲ್ಲ" ಎಂದು ಉತ್ತರ ಕೊಟ್ಟು ಕೊಟ್ಟು ಸುಸ್ತಾದಳು. ಕೊನೆಗೆ ಮಗನಿಗೆ ಹೇಳಿದಳು: "ಅಪ್ಪನ ಕಿವಿ ಒಮ್ಮೆ ಡಾಕ್ಟ್ರಿಗೆ ತೋರಿಸು."

ಯುವರಾಜನ ಚಾ

ಮೊದಲ ಪ್ರದರ್ಶನ ಎಡನೀರಿನಲ್ಲಿ. ದೂತನ ಪಾತ್ರ ನಮ್ಮೂರಿನ ಆಟೋ ಡ್ರೈವರನದ್ದು. ಓಡಿ ಬಂದ, ಜನ ನೋಡಿದ, ಮಾತು ಮರೆತ.

"ಮಹಾರಾಜಾ... ಯುವರಾಜರು..."

"ಯುವರಾಜನಿಗೆ ಏನಾಯಿತು?" ಎಂದೆ. 'ಏನು' ಸರಿಯಾಗಿಯೇ ಬಂತು.

"ಯುವರಾಜರು ಹುಷಾರುಂಟು ಪ್ರಭು."

ಹುಷಾರಾಗಿರುವ ಮಗನಿಗೆ ಅಳುವುದು ಹೇಗೆ? ದಾರಿಗೆ ತರೋಣ ಎಂದು "ಸರಿಯಾಗಿ ನೋಡಿದೆಯಾ?" ಎಂದು ಕೇಳಿದೆ.

"ಈಗ ನೋಡಿ ಬಂದೆ. ಚಾ ಕುಡಿಯುತ್ತಿದ್ದಾರೆ."

ಸುಳ್ಳಲ್ಲ. ಯುವರಾಜನ ಪಾತ್ರದವ ಪರದೆಯ ಹಿಂದೆ ಕುಡಿಯುತ್ತಿದ್ದ. ಬದಿಯಿಂದ ಟೀಚರ ದನಿ ಮೈಕಿನಲ್ಲಿ ಎಲ್ಲರಿಗೂ ಕೇಳಿತು: "ಸಾಯಿಸು ಮಾರಾಯ, ಸಾಯಿಸು!"

ದೂತ ಗಾಬರಿಯಿಂದ ನನ್ನ ಮುಖ ನೋಡಿದ. ಮತ್ತೆ ಕೈಮುಗಿದ. "ಅಪ್ಪಣೆಯಾದರೆ ಈಗಲೇ ಸಾಯಿಸಿ ಬರುತ್ತೇನೆ ಪ್ರಭು."

ಬಿಳಿ ಕಾರು

ಎರಡನೆಯ ಪ್ರದರ್ಶನ ಪೈವಳಿಕೆಯಲ್ಲಿ. ಎಲ್ಲ ನೆಟ್ಟಗಿತ್ತು. ದೂತ ಮರೆಯಲಿಲ್ಲ. ಮಗನ ಹೆಣ ತಂದು ಮಲಗಿಸಿದರು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಟೀಚರು ಕಲಿಸಿದಂತೆ ಉಸಿರು ಹಿಡಿದು, ಮೆಲ್ಲ ಬಿಟ್ಟು, ಮಾತಾಡಿದೆ. ಸಭೆಯಲ್ಲಿ ಸದ್ದಿಲ್ಲ. ಎದುರಿನ ಸಾಲಿನಲ್ಲಿ ಕೂತಿದ್ದ ಹೆಂಡತಿ ಸೆರಗು ಕಣ್ಣಿಗೆ ಒತ್ತಿದಳು. ನಾನು ಬಂದದ್ದು ಇದಕ್ಕೇ.

ಆಗ ಲೌಡ್‌ಸ್ಪೀಕರು: "ಗೇಟಿನ ಎದುರು ಬಿಳಿ ಕಾರು ಇಟ್ಟವರು ಕೂಡಲೇ ತೆಗೆಯಬೇಕು. ಬಸ್ಸಿಗೆ ಹೋಗ್ಲಿಕ್ಕೆ ಆಗುದಿಲ್ಲ."

ಹೆಣ ಒಂದು ಕಣ್ಣು ತೆರೆಯಿತು. "ಮಾವ, ಅದು ನನ್ನದು."

"ಸತ್ತವ ಸುಮ್ಮನೆ ಮಲಗು," ಎಂದು ಪಿಸುಗುಟ್ಟಿದೆ. ಮೈಕು ಅದನ್ನೂ ಬಿಡಲಿಲ್ಲ.

ಹೆಣ ಸೊಂಟದಿಂದ ಕೀ ತೆಗೆದು ದೂತನಿಗೆ ಎಸೆಯಿತು. ದೂತ "ಅಪ್ಪಣೆ!" ಎಂದು ಓಡಿದ. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹೆಂಡತಿ. ಉಳಿದ ಮಾತನ್ನು ನಾನು ಹೇಳಲೇ ಇಲ್ಲ.

ರಾಜನ ಪಾತ್ರ ಬೇರೆಯವರಿಗೆ ಹೋಯಿತು. "ಮುಂದಿನ ನಾಟಕದಲ್ಲಿ ನಿಮಗೆ ಹಾಸ್ಯದ ಪಾತ್ರ ಮಾವ," ಎಂದರು ಟೀಚರು.

"ಮಾತು ಎಷ್ಟುಂಟು?"

"ಮಾತೇ ಬೇಡ. ನೀವು ಬಂದು ಅತ್ತರೆ ಸಾಕು."