ಡಾಂಬಾನ ಕಾರಿನ ಬಿಳಿ ಹೊಗೆ

ಹಬ್ಬದ ಬೆಳಿಗ್ಗೆ ಕಾರು ಬೆಚ್ಚಗಾಗಲೆಂದು ಚಾಲೂ ಮಾಡಿಟ್ಟು ಒಳಗೆ ಹೋಗಿದ್ದ ಡಾಂಬಾ ಹೊರಗೆ ಬಂದು ನೋಡಿದರೆ, ಹೊಗೆಕೊಳವೆಯ ಸುತ್ತ ಬಿಳಿ ಹೊಗೆ ದಟ್ಟವಾಗಿ ಎದ್ದಿತ್ತು. ಉಲಾನ್‌ಬಾತರದ ಚಳಿಗೆ ಎಲ್ಲರ ಕಾರೂ ಬಿಳಿ ಹೊಗೆಯನ್ನೇ ಬಿಡುತ್ತದೆ, ಅದು ದೊಡ್ಡದಲ್ಲ. ಆದರೆ ಈ ಹೊಗೆಗೆ ಸೀದ ಸಿಹಿಯ ವಾಸನೆಯಿತ್ತು. ಚಕ್ರಗಳ ಬಳಿ ಬೆಳ್ಳಗಿನ ಹನಿಗಳೂ ಹೆಪ್ಪುಗಟ್ಟಿದ್ದವು.

ಜಪಾನಿನಲ್ಲಿ ಯಾರೋ ಬಳಸಿ ಬಿಟ್ಟ, ಅರ್ಧ ಬ್ಯಾಟರಿ ಅರ್ಧ ಪೆಟ್ರೋಲಿನ, ಹದಿನೇಳು ವರ್ಷದ ಕಾರು ಅದು. ಮಂಗೋಲಿಯದ ಹೊಸ ವರ್ಷವಾದ ಬಿಳಿ ತಿಂಗಳ ಮೊದಲ ದಿನ ಕಿರಿಯರು ಹಿರಿಯರ ಮೊಣಕೈ ಹಿಡಿದು ನಮಸ್ಕರಿಸಬೇಕು, ಅದೂ ಸೂರ್ಯ ಮುಳುಗುವ ಮೊದಲು. ಅಮ್ಮ ನಮ್ಜಿಲ್‌ಳ ಅಣ್ಣನಿಗೆ ಎಂಬತ್ತಾರು, ಅವನ ಮನೆಗೆ ಮೂರು ಗಂಟೆಯ ದಾರಿ. "ಮುಂದಿನ ವರ್ಷಕ್ಕೆ ಅವನಿರ್ತಾನೋ, ನಾನಿರ್ತೀನೋ," ಎಂದು ಅಮ್ಮ ರಾತ್ರಿಯೇ ರೇಷ್ಮೆ ನಿಲುವಂಗಿ ತೆಗೆದಿಟ್ಟಿದ್ದಳು.

ಪಕ್ಕದ ಮನೆಯ ಗೋಂಚಿಗ್ ಬೇಲಿಯಾಚೆಯಿಂದ ಮೂಗು ತೂರಿಸಿದ. ನಿವೃತ್ತ ಟ್ರ್ಯಾಕ್ಟರ್ ಮೆಕ್ಯಾನಿಕ್. ಆಡು ಮುಟ್ಟದ ಸೊಪ್ಪಿಲ್ಲ, ಗೋಂಚಿಗ್ ಎತ್ತದ ಬಾನೆಟ್ಟಿಲ್ಲ.

"ಸಿಹಿ ವಾಸನೆ ಅಂದ್ರೆ ಇಂಜಿನ್ ತಣಿಸೋ ಕೂಲೆಂಟ್ ಸುಡ್ತಿದೆ ಅಂತ್ಲೇ ಕಣಯ್ಯಾ. ಬಿಳಿ ಹನಿ ನೋಡು, ಆಯಿಲ್ಲೂ ನೀರೂ ಒಂದಾಗ್ಬಿಟ್ಟಿದೆ. ಎರಡನ್ನೂ ಬೇರೆ ಇಡೋ ಗ್ಯಾಸ್ಕೆಟ್ ಹೋಯ್ತು!"

"ನಿಜವಾಗ್ಲೂನಾ, ಗೋಂಚಿಗಣ್ಣ?"

"ಕೂಲೆಂಟ್ ಡಬ್ಬೀಲಿ ಮಟ್ಟಾನೂ ಇಳಿದಿದೆ. ಬೇಕಾದ್ರೆ ಹೋಗು. ಮೈನಸ್ ಮೂವತ್ತು ಡಿಗ್ರಿ ಚಳೀಲಿ ಹುಲ್ಲುಗಾವಲ ಮಧ್ಯೆ ಕೈಕೊಟ್ರೆ ಅಮ್ಮನ್ನ ಹೊತ್ಕೊಂಡು ನಡೀತೀಯಾ?"

ಚಳಿಗೆ ಕೂಲೆಂಟ್ ಕುಗ್ಗಿ ಕೆಳಗಿಳಿಯುವುದು ಸಹಜವೆಂದು ಡಾಂಬಾ ಎಲ್ಲೋ ಓದಿದ್ದ. ಆದರೆ ಅಮ್ಮನ ಹೆಸರೆತ್ತಿದ ಮೇಲೆ ಓದಿದ್ದೆಲ್ಲ ಮರೆತುಹೋಯಿತು. ಎದುರು ಮನೆಯ ಉಡ್ವಲ್ ಬಂದು ಮೂಸಿ, "ನಮ್ಮೆಜಮಾನ್ರ ಕಾರೂ ಹಿಂಗೇ ಘಮ್ ಅಂತಿತ್ತು. ಗುಜರಿಗೆ ಹೋಯ್ತು," ಎಂದು ಸಮಾಧಾನ ಹೇಳಿದಳು. ಗೋಂಚಿಗ್ ಮೂರು ಗಂಟೆ ಇಂಜಿನ್ನಿನೊಳಗೆ ಕೈಯಾಡಿಸಿದ. ಸೋರಿಕೆ ಸಿಗದ ಸಿಟ್ಟಿಗೆ ರೇಡಿಯೇಟರ್ ಪೈಪಿನ ಪಟ್ಟಿಯನ್ನು ಇನ್ನೆರಡು ಸುತ್ತು ಬಿಗಿದ.

ಮಧ್ಯಾಹ್ನ ಕಾರನ್ನು ಮತ್ತೆ ಚಾಲೂ ಮಾಡಿದರು. ಸಿಹಿ ವಾಸನೆ ಬರಲಿಲ್ಲ. ಅಷ್ಟರಲ್ಲಿ ನಿಲುವಂಗಿ ತೊಟ್ಟ ನಮ್ಜಿಲ್ ಸೌಟು ಹಿಡಿದು ಬಂದಳು. ಕಾರಿನ ಸುತ್ತ ನಡೆಯುತ್ತ, ಏನೋ ಮಣಮಣಿಸುತ್ತ, ನಾಲ್ಕೂ ಚಕ್ರಕ್ಕೆ ಹಾಲು ಚಿಮುಕಿಸಿದಳು. ಹಿಂಚಕ್ರಕ್ಕೆ ಚಿಮುಕಿಸಿದ್ದು ಕಾದ ಹೊಗೆಕೊಳವೆಯ ಮೇಲೆ ಬಿದ್ದು ಚುಂಯ್ ಎಂದಿತು. ಬಿಳಿ ಹೊಗೆ, ಸೀದ ಸಿಹಿ ವಾಸನೆ.

ಡಾಂಬಾ ಬಗ್ಗಿ ಕೊಳವೆಯನ್ನು ಮೂಸಿದ.

"ಅಮ್ಮಾ! ಬೆಳಿಗ್ಗೇನೂ ಹಾಕಿದ್ಯಾ?"

"ದಿನಾ ಹಾಕ್ತೀನಪ್ಪಾ. ನೀನು ಸುಖವಾಗಿ ಹೋಗಿ ಬರ್ಬೇಕಲ್ಲ."

"ನಿನ್ನ ಹಾಲಿಂದ ಅರ್ಧ ದಿನ ಹಾಳಾಯ್ತು! ಇನ್ಮೇಲೆ ನನ್ನ ಕಾರಿಗೆ ಒಂದು ಹನೀನೂ ಬೇಡ!"

ಪಯಣ ಸುಖವಾಗಲೆಂದು ದಾರಿಗೆ ಎರೆಯಲು ಎತ್ತಿದ್ದ ಸೌಟನ್ನು ನಮ್ಜಿಲ್ ಇಳಿಸಿದಳು. ಉಳಿದ ಹಾಲನ್ನು ಅಣ್ಣನಿಗೆಂದು ತುಂಬಿದ್ದ ಫ್ಲಾಸ್ಕಿಗೇ ಸುರಿದು, ಸೌಟನ್ನೂ ಹಿಡಿದೇ ಕಾರು ಹತ್ತಿದಳು. ಅಂದ ಮಾತು ಡಾಂಬಾನಿಗೇ ಚುಚ್ಚಿತು. ಆದರೆ ಹೊತ್ತು ಓಡುತ್ತಿತ್ತು.

ಊರಂಚಿನ ತಿರುವು ದಾಟುವಷ್ಟರಲ್ಲಿ ಸ್ಟಿಯರಿಂಗಿನ ಮುಂದೆ ಕಾರಿನ ಕೆಂಪು ಎಚ್ಚರಿಕೆ ದೀಪ ಹೊತ್ತಿತು. ಇಳಿದು ನೋಡಿದರೆ ಮಂಜಿನ ಮೇಲೆ ಗುಲಾಬಿ ಬಣ್ಣದ ಕೂಲೆಂಟ್ ಹರಿಯುತ್ತಿತ್ತು. ಗೋಂಚಿಗ್ ಬಿಗಿದಿದ್ದ ಪಟ್ಟಿಯ ಒತ್ತಡಕ್ಕೆ, ಪೈಪು ಸಿಕ್ಕಿಸುವ ರೇಡಿಯೇಟರಿನ ಹಳೆಯ ಪ್ಲಾಸ್ಟಿಕ್ ಮೂತಿ ಬಿರಿದಿತ್ತು.

ಫೋನು ಮಾಡಿದಾಗ ಗೋಂಚಿಗ್ ತನ್ನ ಹಳೆಯ ರಷ್ಯನ್ ಜೀಪಿನಲ್ಲಿ ಹಾರಿ ಬಂದ. ಗುಲಾಬಿ ಮಂಜು ನೋಡಿ ಅವನ ಮುಖ ಅರಳಿತು.

"ಬೆಳಿಗ್ಗೇನೇ ಹೇಳ್ಲಿಲ್ವಾ, ಸೋರ್ತಿದೆ ಅಂತ?"

"ಇವತ್ತೊಂದಿನ ದಾರಿಗೆ ಹಾಲೆರೀಲಿಲ್ಲ, ನೋಡು," ಎಂದಳು ನಮ್ಜಿಲ್.

ಅಮ್ಮನನ್ನು ಮಾವನ ಮನೆಗೆ ಮುಟ್ಟಿಸುವಂತೆ ಡಾಂಬಾ ಗೋಂಚಿಗ್‌ನನ್ನು ಕೇಳಿಕೊಂಡ.

ಜೀಪಿನ ಹಿಂಭಾಗದ ತುಂಬ ಗೋಂಚಿಗ್‌ನ ಸಾಮಾನು. ಮುಂದೆ ಇದ್ದದ್ದು ಒಂದೇ ಸೀಟು. ನಮ್ಜಿಲ್ ಹತ್ತಿ ಕುಳಿತು, ಸೌಟಿಗೆ ಫ್ಲಾಸ್ಕಿನ ಹಾಲು ಬಗ್ಗಿಸಿ ಕಿಟಕಿಯಿಂದ ಮಗನ ಕೈಗೆ ಕೊಟ್ಟಳು.

ಜೀಪು ಹೊರಟಿತು. ಒಂದು ಹನಿಯೂ ಬೇಡ ಎಂದಿದ್ದ ಡಾಂಬಾ ಹಿಂದೆಯೇ ಓಡಿ, ಅಮ್ಮ ಸುಖವಾಗಿ ಮುಟ್ಟಲಿ ಎಂದು ಮನಸಾರೆ ಬೇಡಿಕೊಂಡು, ಸೌಟನ್ನು ಬೀಸಿದ. ಹಾಲೆಲ್ಲ ನೇರ ಜೀಪಿನ ಹೊಗೆಕೊಳವೆಯ ಮೇಲೆ ಬಿತ್ತು. ಚುಂಯ್ ಎಂದು ಬಿಳಿ ಹೊಗೆ ಎದ್ದಿತು.

ಕೂಡಲೇ ಬ್ರೇಕು ಬಿತ್ತು. ಗೋಂಚಿಗ್ ಸ್ಪ್ಯಾನರ್ ಹಿಡಿದೇ ಕೆಳಗಿಳಿದ. "ಏನೋ ಸಿಹಿ ವಾಸನೆ ಬರ್ತಿದೆಯಲ್ಲ?"

"ಹತ್ತಪ್ಪಾ ಗೋಂಚಿಗ್, ಹೊತ್ತಾಯ್ತು," ಒಳಗಿನಿಂದ ನಮ್ಜಿಲ್ ಕೂಗಿದಳು. "ಗಾಡಿಗೇನೂ ಆಗಿಲ್ಲ. ಅದು ನನ್ನ ಮಗ."