ತೊಟ್ಟಿಯ ಕಪ್ಪೆ, ಜೇಬಿನ ಟಿಕೆಟ್

ಭೋಜರಾಜ ನಾಗಮಣಿಯನ್ನು ಮೊದಲು ನೋಡಿದ್ದು ಒಂದು ಕಪ್ಪೆಯ ಸಮ್ಮುಖದಲ್ಲಿ. ತಿಪಟೂರಿನ ಆಚೆ ಅವಳ ಹಳ್ಳಿಯ ಮನೆ. ಹಜಾರದಲ್ಲಿ ನೀಲಿ ಅಂಚಿನ ಜಮಖಾನ, ಅದರ ಮೇಲೆ ಹೆಣ್ಣು ನೋಡಲು ಬಂದ ಭೋಜರಾಜ, ಅವನ ಅಪ್ಪ, ಸೋದರಮಾವ. ಮುಂದೆ ಉಪ್ಪಿಟ್ಟಿನ ತಟ್ಟೆಗಳು. ಅವನು ಎರಡನೇ ತುತ್ತು ಎತ್ತುವಷ್ಟರಲ್ಲಿ ಬಚ್ಚಲ ಕಡೆಯಿಂದ ಮುಷ್ಟಿಗಾತ್ರದ ನೆಲಗಪ್ಪೆಯೊಂದು ಕುಪ್ಪಳಿಸಿ ಬಂದು, ಗಂಡಿನ ಕಡೆಯವರನ್ನೆಲ್ಲ ಒಮ್ಮೆ ದಿಟ್ಟಿಸಿ, ಸೋದರಮಾವನ ತಟ್ಟೆಯ ಪಕ್ಕ ಆಸೀನವಾಯಿತು. ಸೋದರಮಾವ ಪಂಚೆ ಎತ್ತಿಕೊಂಡು ಕಂಬ ಹತ್ತುವುದೊಂದು ಬಾಕಿ. ಆಗ ಹಸಿರು ಸೀರೆಯ ಹುಡುಗಿ ಒಳಗಿನಿಂದ ಮೊರ ತಂದು, ಕಪ್ಪೆಯನ್ನು ಅದಕ್ಕೆ ಹತ್ತಿಸಿಕೊಂಡು, ತಲೆ ಎತ್ತಿ ನಡೆದು, ಹಿತ್ತಲಿನ ಹೊಂಡದಲ್ಲಿ ಬಿಟ್ಟು ಬಂದಳು. ಅವಳ ಹಿಂದೆಯೇ ಹೋಗಿ ಹಿಂದೆಯೇ ಬಂದ ಅವಳ ಅಪ್ಪ ಗಂಗಾಧರಪ್ಪ, "ನಮ್ಮನೇಲಿ ಎಲ್ಲರಿಗೂ ಜಾಗ ಐತೆ, ನೀವು ತಿನ್ನಿ" ಎಂದು ನಕ್ಕರು. ಇಂಥ ಧೀರೆಯನ್ನು ಬಿಟ್ಟು ಬೇರೆ ಹೆಣ್ಣು ನೋಡುವುದುಂಟೇ? ಭೋಜರಾಜ ಉಪ್ಪಿಟ್ಟು ಮುಗಿಸುವ ಮೊದಲೇ ಒಪ್ಪಿಬಿಟ್ಟಿದ್ದ.

ಅದಾಗಿ ಹನ್ನೊಂದು ವರ್ಷ. ಈಗ ಸಂಸಾರ ಚೆನ್ನೈನ ಪೆರಂಬೂರಿನ ಒಂದು ಬಾಡಿಗೆ ಮನೆಯ ಕೆಳಭಾಗದಲ್ಲಿ. ಭೋಜರಾಜನಿಗೆ ರೈಲ್ವೆ ಕಚೇರಿಯಲ್ಲಿ ಗುಮಾಸ್ತನ ಕೆಲಸ. ಸಿಬ್ಬಂದಿಗೆ ಪ್ರಯಾಣದ ಪಾಸ್ ಬರೆಯುವ ಮೇಜು ಅವನದೇ. ಹಳ್ಳಿಯಿಂದ ಬಂದು, ವಂಶದಲ್ಲೇ ಮೊದಲು ಪದವಿ ಪಡೆದವನಿಗೆ ಆ ಪಾಸೆಂದರೆ ಎರಡನೇ ಜನಿವಾರ. ಕೆಲಸ ಸಿಕ್ಕಿದ ಮೇಲೆ ಒಂದು ದಿನವೂ ಅವನು ಟಿಕೆಟ್ ಕೊಂಡು ರೈಲು ಹತ್ತಿದವನಲ್ಲ.

ಆ ಏಪ್ರಿಲ್‌ನಲ್ಲಿ ಗಂಗಾಧರಪ್ಪನವರಿಗೆ ಕಾಯಿಲೆ ಜೋರೆಂದು ಊರಿನಿಂದ ಫೋನ್ ಬಂತು.

"ಇವತ್ತೇ ಹೊರಡೋಣ ಕಣ್ರೀ. ಟಿಕೆಟ್ ತಗೊಂಡ್ರಾಯ್ತು" ಎಂದಳು ನಾಗಮಣಿ.

"ರೈಲ್ವೆಯವರು ಟಿಕೆಟ್ ಸಾಲಲ್ಲಿ ನಿಂತ್ಕೋತಾರಾ? ಪಾಸ್ ಬರೆದಿಟ್ಟಿದೀನಿ. ನಾಳೆ ಸಾಹೇಬರು ಬರ್ತಾರೆ. ಒಂದು ಸಹಿ, ಅಷ್ಟೇ."

ಸಾಹೇಬರು ನಾಡಿದ್ದು ಬಂದರು. ಇವರು ಹಳ್ಳಿ ಮುಟ್ಟಿದಾಗ ಮಣ್ಣು ಮುಗಿದು, ಗಂಗಾಧರಪ್ಪನವರ ಹಾಸಿಗೆಯನ್ನು ಒಗೆದು ಬೇಲಿಯ ಮೇಲೆ ಒಣಹಾಕಿದ್ದರು.

ನಾಗಮಣಿ ಜಗಳವಾಡಲಿಲ್ಲ. ಆಡಿದ್ದರೆ ಭೋಜರಾಜ ಸೋತು ಬದುಕಿಕೊಳ್ಳುತ್ತಿದ್ದ. ಮೂರು ತಿಂಗಳು ಅವಳ ಬಾಯಿಂದ ಹೊರಟದ್ದು "ಊಟಕ್ಕೆ ಬನ್ನಿ", "ಹಾಲಿಲ್ಲ", "ಹೂಂ" ಇಷ್ಟೇ. ಮನೆಯಲ್ಲಿ ಕುಕ್ಕರ್ ಕೂಗಿದರೂ ಅವನಿಗೆ ಯಾರೋ ಮಾತಾಡಿದಂತೆ ಸಮಾಧಾನವಾಗುತ್ತಿತ್ತು.

ಜುಲೈನ ಒಂದು ಶುಕ್ರವಾರ ಅವನಿಗೆ ಮಹೋಪಾಯ ಹೊಳೆಯಿತು. ತವರಿನ ಹೊಂಡದ ಕಪ್ಪೆಗಳ ಕೂಗು ಕಿವಿಗೆ ಬಿದ್ದರೆ ಯಾವ ಹೆಣ್ಣಿನ ಮೌನ ನಿಂತೀತು?

"ನೋಡ್ತಾ ಇರು, ಕಪ್ಪೆ ತಂದು ಒಂದು ತಿಂಗಳಲ್ಲಿ ನಿಮ್ಮಮ್ಮ ಹಾಡೋ ಹಾಗೆ ಮಾಡ್ತೀನಿ" ಎಂದು ಎಂಟು ವರ್ಷದ ಮಗಳು ಚಿನ್ಮಯಿಯ ಮುಂದೆ ಎದೆ ತಟ್ಟಿದ.

"ಅಮ್ಮಾವುಕ್ಕು ತವಳೈ ಪಿಡಿಕ್ಕುಮಾಪ್ಪಾ?" ಅಮ್ಮನಿಗೆ ಕಪ್ಪೆ ಇಷ್ಟವೇ ಎಂದು ಮಗಳು ಶಾಲೆಯ ತಮಿಳಿನಲ್ಲಿ ಕೇಳಿದಳು.

"ಇಷ್ಟವಾ? ನಮ್ಮ ಮದುವೆ ಮಾಡ್ಸಿದ್ದೇ ಕಪ್ಪೆ ಕಣೆ."

ಕಚೇರಿ ಕೆಲಸವೆಂದು ಹೇಳಿ ಅಂದೇ ಸಂಜೆ ಹೊರಟವನು ಭಾನುವಾರ ಮರಳಿದ. ಕೈಯಲ್ಲಿ ಬಾಯಿಗೆ ತೆಳುಬಟ್ಟೆ ಕಟ್ಟಿದ ಎಣ್ಣೆ ಕ್ಯಾನು, ಅದರ ತುಂಬ ಗೊದಮೊಟ್ಟೆಗಳು.

"ನಿಮ್ಮ ಹಿತ್ತಲಿನವೇ" ಎಂದು ಕ್ಯಾನನ್ನು ನಾಗಮಣಿಯ ಮುಂದೆ ಹಿಡಿದ.

ಅವಳು ದೂರದಿಂದಲೇ ಬಹಳ ಹೊತ್ತು ನೋಡಿ, "ಹೂಂ" ಎಂದಳು. ಆಮೇಲೆ ಅವನ ಷರಟನ್ನು ಒಗೆಯಲು ಒಯ್ದು, ಜೇಬು ತಡವಿ, ಸಿಕ್ಕಿದ್ದೇನನ್ನೋ ಸೆರಗಿನ ತುದಿಗೆ ಕಟ್ಟಿಕೊಂಡಳು. ಚಿಲ್ಲರೆ ಇರಬೇಕೆಂದು ಭೋಜರಾಜ ಸುಮ್ಮನಾದ.

ಬಾಡಿಗೆ ಮನೆಯ ಹಿತ್ತಲಿನ ಹಳೆಯ ಸಿಮೆಂಟ್ ತೊಟ್ಟಿಗೆ ಮಣ್ಣು ಹಾಕಿ ಕೊಳ ಮಾಡಿದ್ದಾಯಿತು. ನೀರು? ಅದು ಇಡೀ ಚೆನ್ನೈ ಕೊಡ ಹಿಡಿದು ಲಾರಿಯ ದಾರಿ ಕಾಯುತ್ತಿದ್ದ ವರ್ಷ. ಮನೆಯ ನೀರಿಗೆ ಕೈ ಹಾಕುವಂತಿಲ್ಲ. ಭೋಜರಾಜ ಸ್ನಾನವನ್ನೇ ತ್ಯಾಗ ಮಾಡಿದ. ತನ್ನ ಪಾಲಿನ ಬಕೆಟ್ಟನ್ನು ತೊಟ್ಟಿಗೆ ಸುರಿದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಕಚೇರಿಗೆ ಹೋದ. ಎರಡನೇ ವಾರಕ್ಕೆ ಪಕ್ಕದ ಮೇಜಿನ ಮಧುಸೂದನ್ ತನ್ನ ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆದುಕೊಂಡ.

ಮನೆಯ ಮಾಲೀಕ ಶಂಕರನಾರಾಯಣ ರಾಯರದು ಕುಂದಾಪುರ ಮೂಲ. ಹೋಟೆಲಿನ ಗಲ್ಲಾದಲ್ಲಿ ನಲವತ್ತು ವರ್ಷ ಕೂತು ಅವರ ಕನ್ನಡಕ್ಕೆ ತಮಿಳಿನ ಒಗ್ಗರಣೆ ಬಿದ್ದಿತ್ತು. ಅವರು ಮಹಡಿಯಿಂದ ಬಗ್ಗಿ ನೋಡಿದರು.

"ಎಂಥ ಮಾರಾಯ್ರೆ, ಮನುಷ್ಯರಿಗೇ ತಣ್ಣಿ ಇಲ್ಲ. ನೀವು ತವಳೆಗೆ ಸ್ವಿಮ್ಮಿಂಗ್ ಪೂಲ್ ಕಟ್ಟಿದ್ದೀರಲ್ಲ!"

"ನನ್ನ ಸ್ನಾನದ ನೀರು ಸಾರ್."

"ಅದು ವಾಸನೆಯಲ್ಲೇ ತಿಳೀತದೆ, ಬಿಡಿ."

ಆಗಸ್ಟ್‌ನಲ್ಲಿ ಗೊದಮೊಟ್ಟೆಗಳಿಗೆ ಕಾಲು ಬಂತು, ಬಾಲ ಹೋಯಿತು. ಹುಣಸೆಬೀಜದಷ್ಟು ದಪ್ಪದ ನೂರಾರು ಮರಿಗಪ್ಪೆಗಳು ಒಂದು ಬೆಳಿಗ್ಗೆ ಒಮ್ಮತದಿಂದ ತೊಟ್ಟಿ ಬಿಟ್ಟು ಲೋಕಸಂಚಾರ ಹೊರಟವು. ಚಿನ್ಮಯಿಯ ಷೂನಲ್ಲಿ ನಾಲ್ಕು, ಭೋಜರಾಜನ ಊಟದ ಚೀಲದಲ್ಲಿ ಎರಡು. ಮೆಟ್ಟಿಲು ಹತ್ತಿದ ಪ್ರತಿಭಾವಂತರು ರಾಯರ ಹೆಂಡತಿ ಚಂದ್ರಮತಿಯಮ್ಮನ ರಂಗೋಲಿ ಡಬ್ಬಿ ಸೇರಿದರು. ಅದು ತಮಿಳರ ಆಡಿ ತಿಂಗಳ ಪೂಜೆಯ ಶುಕ್ರವಾರ. ಆಕೆ ಬಾಗಿಲಲ್ಲಿ ಹದಿನೈದು ಚುಕ್ಕಿಯ ದೊಡ್ಡ ರಂಗೋಲಿಗೆ ಕೂತಿದ್ದರು. ಹಿಟ್ಟು ಬಿಟ್ಟರು, ಚುಕ್ಕಿ ಇಟ್ಟರು. ಇಟ್ಟ ಚುಕ್ಕಿಗಳಲ್ಲಿ ಮೂರು ಎದ್ದು ನಡೆದವು.

ಆಕೆಯನ್ನು ಸೋಫಾದ ಮೇಲೆ ಮಲಗಿಸಿ ರಾಯರು ಇಳಿದು ಬಂದರು. ಈ ಸಲ ದನಿ ಎತ್ತಲಿಲ್ಲ. "ಭಾನುವಾರದೊಳಗೆ ಒಂದೋ ತವಳೆ ಹೋಗ್ಬೇಕು, ಇಲ್ಲ ನೀವು."

ಭೋಜರಾಜನಿಗೆ ಮನೆ ಬಿಡುವ ಚಿಂತೆಗಿಂತ ದೊಡ್ಡದೊಂದಿತ್ತು. ಇಷ್ಟು ಮಾಡಿಯೂ ಒಂದೇ ಒಂದು ಮರಿ ಕೂಗಿರಲಿಲ್ಲ. ಮರಿಗಳಿಗೆ ಕೂಗುವ ವಯಸ್ಸಲ್ಲವೆಂದು ಹಳ್ಳಿಯಲ್ಲಿ ಬೆಳೆದ ಅವನಿಗೆ ಗೊತ್ತಿರಬೇಕಿತ್ತು. ಆದರೆ ಆಸೆಬುರುಕನಿಗೆ ಅಷ್ಟು ನೆನಪಿರುವುದಿಲ್ಲ. ಅಂದು ಸಂಜೆ ಅವನು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಉಳಿದ ಏಳೆಂಟು ಮರಿಗಳಿಗೆ ತಾನೇ ಪಾಠ ಶುರುಮಾಡಿದ.

"ವಟರ್, ವಟರ್..."

ಮಹಡಿಯ ಕಿಟಕಿ ತೆರೆಯಿತು. ರಾಯರು ಒಂದು ಕ್ಷಣ ನೋಡಿ, ಮೆಲ್ಲಗೆ ಕಿಟಕಿ ಮುಚ್ಚಿದರು.

ಬೆನ್ನ ಹಿಂದೆ ನಾಗಮಣಿ ನಿಂತಿದ್ದಳು.

"ಸಾಕು ಮಾಡ್ರೀ. ನಂಗೆ ಕಪ್ಪೆ ಕಂಡ್ರೆ ಚಿಕ್ಕಂದಿನಿಂದ್ಲೂ ಜೀವ ಹೋಗುತ್ತೆ."

ನಾಲ್ಕು ತಿಂಗಳಲ್ಲಿ ಕೇಳಿದ ಮೊದಲ ಪೂರ್ತಿ ಮಾತು. ಭೋಜರಾಜ ಕೂತಲ್ಲೇ ತಿರುಗಿದ. "ಮತ್ತೆ ಆವತ್ತು? ಮೊರದಲ್ಲಿ?"

"ಕಣ್ಮುಚ್ಕೊಂಡಿದ್ದೆ. ಅಪ್ಪ ಹಿಂದಿಂದ ಮೊಣಕೈ ಹಿಡ್ಕೊಂಡು ನಡೆಸಿದ್ರು. 'ಬಿಡಬೇಡ ಮಗ, ನಾನಿದೀನಿ' ಅಂತ ಹೇಳ್ತಾನೇ ಇದ್ರು."

ಅವಳು ಸೆರಗಿನ ಗಂಟು ಬಿಚ್ಚಿ, ಗಟ್ಟಿ ಕಾಗದದ ಪುಟ್ಟ ಚೀಟಿಯೊಂದನ್ನು ತೊಟ್ಟಿಯ ಅಂಚಿನ ಮೇಲಿಟ್ಟಳು. ಚೆನ್ನೈ ಸೆಂಟ್ರಲ್‌ನಿಂದ ಹೊರಟ ರೈಲಿನದು. ಎರಡನೇ ದರ್ಜೆ, ಜುಲೈನ ಆ ಶುಕ್ರವಾರದ್ದು.

"ಕಪ್ಪೆ ತರೋಕೆ ನೀವು ಪಾಸಿಗೆ ಕಾಯ್ಲಿಲ್ಲ" ಎಂದಳು.

ಹೇಳಿ ಒಳಗೆ ಹೋದಳು. ಮರಿಯೊಂದು ಟಿಕೆಟ್ಟಿನ ಮೇಲೆ ಹತ್ತಿ ಕೂತು ಅವನನ್ನು ದಿಟ್ಟಿಸಿತು.

ಭಾನುವಾರ ಅವನೊಬ್ಬನೇ ಸಿಕ್ಕಷ್ಟು ಮರಿಗಳನ್ನು ಹಿಡಿದು ಮಣಲಿಯಾಚೆಯ ಜೌಗಿಗೆ ಬಿಟ್ಟು ಬಂದ. ತೊಟ್ಟಿ ಬರಿದಾಯಿತು.

ಇಂದಿಗೂ ಭೋಜರಾಜ ಇಡೀ ಕಚೇರಿಗೆ ಪಾಸ್ ಬರೆದುಕೊಡುತ್ತಾನೆ. ಎರಡು ತಿಂಗಳಿಗೊಮ್ಮೆ ನಾಗಮಣಿಯನ್ನು ಅವಳ ಅಮ್ಮನ ಬಳಿ ಕರೆದೊಯ್ಯುವಾಗ ಮಾತ್ರ ಸಾಲಿನಲ್ಲಿ ನಿಂತು ಟಿಕೆಟ್ ಕೊಳ್ಳುತ್ತಾನೆ.