ಗಂಟೆಯಿಲ್ಲದ ಲ್ಯಾಪ್‌ಟಾಪು

ಕೇಳಿದವರಿಗೆ ಸಲಹೆ ಕೊಡುವುದು ಉಪಕಾರ, ಕೇಳದವರಿಗೆ ಕೊಡುವುದು ಚಟ. ನನಗಿರುವುದು ಎರಡನೆಯದು. ಮದುವೆಗೆ ಮುಂಚೆ ನಮ್ಮ ಮಾವನವರು ಯಸಳೂರಿನಿಂದ ಬಂದು, ಹುಡುಗನಿಗೆ ಬೀಡಿ ಉಂಟೇ, ಇಸ್ಪೀಟು ಉಂಟೇ ಎಂದು ನಾಲ್ಕು ಕಡೆ ವಿಚಾರಿಸಿಕೊಂಡು ಹೋಗಿದ್ದರಂತೆ. ಈ ಚಟದ ಬಗ್ಗೆ ವಿಚಾರಿಸಲು ಅವರಿಗೆ ತೋಚಲಿಲ್ಲ. ಅದರ ಫಲವನ್ನು ಅವರ ಮಗಳು ಇವತ್ತಿಗೂ ಅನುಭವಿಸುತ್ತಿದ್ದಾಳೆ. ಆದರೆ ನನ್ನಂಥವರಿಗೂ ಒಂದು ಸಂಕಟವಿದೆ. ನಮ್ಮನ್ನು ಕೇಳಲೇಬೇಕಾದ ವಿಷಯ ಬಂದಾಗಲೂ ಯಾರೂ ಕೇಳುವುದಿಲ್ಲ. ಮಗಳ ಲ್ಯಾಪ್‌ಟಾಪಿಗೆ ಯಾವ ಆಫೀಸ್ ಸಾಫ್ಟ್‌ವೇರ್ ಹಾಕಿಸಬೇಕು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದಾಗ ಆದದ್ದು ಹಾಗೆಯೇ.

ಎರಡು ಸಾವಿರದ ಎಂಟರ ಸುಮಾರಿನ ಮಾತು. ಆಗ ನಾನು ಸಕಲೇಶಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಇಪ್ಪತ್ತಾರು ವರ್ಷ ನಡೆಸಿದ್ದೆ. ಕೋರ್ಟು, ತಾಲ್ಲೂಕು ಕಚೇರಿ, ಎಸ್ಟೇಟ್ ಆಫೀಸುಗಳಲ್ಲಿ ಟಕಟಕ ಎನ್ನುತ್ತಿದ್ದ ಬೆರಳುಗಳಲ್ಲಿ ಅರ್ಧಕ್ಕರ್ಧ ನನ್ನ ಸ್ಕೇಲಿನ ಏಟು ತಿಂದವು. ಟೈಪ್‌ರೈಟರಿನಲ್ಲಿ ಸಾಲು ಮುಗಿಯುವ ಹೊತ್ತಿಗೆ ಒಂದು ಪುಟ್ಟ ಗಂಟೆ ಹೊಡೆಯುತ್ತದೆ. ಹೊಡೆದ ಕೂಡಲೇ ಕೈಯಲ್ಲಿರುವ ಪದ ಮುಗಿಸಿ, ಲಿವರ್ ತಳ್ಳಿ, ಹೊಸ ಸಾಲಿಗೆ ಬರಬೇಕು. ಮರೆತರೆ ಅಕ್ಷರದ ಮೇಲೆ ಅಕ್ಷರ ಕೂತು ಕಾಗದ ಹಾಳು. ‘ಗಂಟೆ ಹೊಡೀತಾ? ಕೈ ಎತ್ತು!’ ಎಂದು ನಾನು ಕೂಗುತ್ತಿದ್ದದ್ದು ಕೆಳಗಿನ ಬೇಕರಿಯವರೆಗೂ ಕೇಳಿಸುತ್ತಿತ್ತು. ಹಾಗೆ ಕೂಗಿಸಿಕೊಳ್ಳಲು ಒಂದು ಕಾಲಕ್ಕೆ ಬೆಳಿಗ್ಗೆ ಆರಕ್ಕೇ ಸಾಲು ನಿಲ್ಲುತ್ತಿದ್ದರು. ನಾನು ಹೇಳುತ್ತಿರುವ ವರ್ಷದಲ್ಲಿ ಉಳಿದವರು ಮೂರೇ ಜನ. ಅವರಲ್ಲೊಬ್ಬಳು ಮದುವೆ ಗೊತ್ತಾಗುವವರೆಗೆ ಬರುತ್ತೇನೆ ಎಂದು ಮೊದಲೇ ಹೇಳಿ ಸೇರಿದ್ದಳು.

ಮಗಳು ಲೀಲಾ ಹಾಸನದಲ್ಲಿ ಸಮಾಜಕಾರ್ಯದ ಎಂ.ಎ. ಓದುತ್ತಿದ್ದಳು. ಕೊನೆಯ ವರ್ಷ ಒಂದು ದೊಡ್ಡ ವರದಿ ಬರೆಯಬೇಕು. ಎಸ್ಟೇಟ್ ಲೈನ್‌ಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಇರುವ ಕೆಲಸದ ಹೆಂಗಸರ ಬಗ್ಗೆ ಬರೆಯುತ್ತೇನೆ ಎಂದು ಹೊರಟಳು. ಯಸಳೂರು, ಹೊಂಗಡಹಳ್ಳದ ಕಡೆ ಲೈನಿನಿಂದ ಲೈನಿಗೆ ನಡೆದು, ಜಿಗಣೆ ಕಚ್ಚಿಸಿಕೊಂಡು, ಅರವತ್ತು ಹೆಂಗಸರನ್ನು ಮಾತಾಡಿಸಿದಳು. ಅವರು ಕೆಲಸ ಮುಗಿಸಿ ಬರುವವರೆಗೂ ಬಾಗಿಲಲ್ಲಿ ಕಾಯುವುದು, ಮೊದಲು ಅವರ ಕಷ್ಟ ಕೇಳುವುದು, ಆಮೇಲೆ ತನ್ನ ಪ್ರಶ್ನೆ. ಎಲ್ಲಕ್ಕಿಂತ ಚೆನ್ನಾದ ವರದಿಯನ್ನು ಮೈಸೂರಿನಲ್ಲಿ ದೊಡ್ಡವರ ಮುಂದೆ ಓದಿಸುತ್ತೇವೆ ಎಂದು ಅವಳ ಮೇಡಂ ಹೇಳಿದ್ದರು. ಅದು ತನಗೇ ಬರಬೇಕೆಂಬ ಆಸೆ ಲೀಲಾಳಿಗೆ ಬಾಯಿಬಿಟ್ಟು ಹೇಳಲಾರದಷ್ಟಿತ್ತು. ಅದಕ್ಕೇ ಅವಳಮ್ಮ ತವರಿನ ತೋಟದ ಮೆಣಸಿನಲ್ಲಿ ತನ್ನ ಪಾಲಿಗೆ ಬಂದ ದುಡ್ಡಿನಲ್ಲಿ ಅವಳಿಗೊಂದು ಲ್ಯಾಪ್‌ಟಾಪು ಕೊಡಿಸಿದಳು.

ಅದರೊಳಗೆ ಬರೆಯುವ ಸಾಫ್ಟ್‌ವೇರ್ ಬೇರೆ ಹಾಕಿಸಬೇಕಂತೆ. ಬಾವಿ ತೋಡಿಸಿದ ಮೇಲೆ ನೀರು ಬೇರೆ ತರಿಸಬೇಕು ಅನ್ನುವ ಹಾಗೆ. ಮೂರು ದಾರಿಗಳಿದ್ದವು. ದೊಡ್ಡ ಕಂಪನಿಯದನ್ನು ದುಡ್ಡು ಕೊಟ್ಟು ಕೊಳ್ಳುವುದು. ಅದರದೇ ಕಳ್ಳ ಸಿ.ಡಿ. ತಂದು ಊರವರೆಲ್ಲ ಮಾಡುವಂತೆ ಮಾಡುವುದು. ಇಲ್ಲವೇ ಯಾರೋ ಪುಣ್ಯಾತ್ಮರು ಪುಕ್ಕಟೆ ಹಂಚುವುದನ್ನು ಹಾಕಿಸುವುದು. ಇಪ್ಪತ್ತಾರು ವರ್ಷ ಕಾಗದದ ಮೇಲೆ ಅಕ್ಷರ ಮೂಡಿಸಿದ ಅಪ್ಪ ಮನೆಯಲ್ಲೇ ಕಾಫಿ ಕುಡಿಯುತ್ತ ಕೂತಿದ್ದಾನೆ. ಮಗಳು ಫೋನ್ ಮಾಡಿದ್ದು ಬೆನೆಡಿಕ್ಟನಿಗೆ.

ಬೆನೆಡಿಕ್ಟ್ ಯಾರು? ಅವನಪ್ಪ ಮಂಗಳೂರ ಕಡೆಯಿಂದ ಘಟ್ಟ ಹತ್ತಿ ಬಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಬೆನೆಡಿಕ್ಟ್ ನನ್ನ ಹತ್ತಿರವೇ ಕಲಿತು ಟೈಪಿಂಗಿನ ಜೂನಿಯರ್, ಸೀನಿಯರ್ ಪರೀಕ್ಷೆ ಎರಡನ್ನೂ ಪಾಸು ಮಾಡಿದ. ಮಾಡಿ, ಎದುರು ರಸ್ತೆಯಲ್ಲೇ ಕಂಪ್ಯೂಟರ್ ಸೆಂಟರ್ ತೆರೆದು, ನನ್ನ ಅಂಗಡಿಗೆ ಬೀಗ ಬೀಳಲು ತನ್ನ ಕೈಲಾದಷ್ಟು ಸಹಾಯ ಮಾಡಿದ. ದಾರಿಯಲ್ಲಿ ಕಂಡರೆ ಈಗಲೂ ಕೈ ಮುಗಿಯುತ್ತಾನೆ, ಅದು ಇನ್ನೂ ಉರಿ.

‘ಪುಕ್ಕಟೆದೇ ಸಾಕಂತೆ ಅಪ್ಪಾಜಿ. ಕದ್ದಿದ್ದೂ ಅಲ್ಲ, ಕಾಲೇಜಿನ ಕಂಪ್ಯೂಟರ್‌ನಲ್ಲೂ ತೆಗೆಯೋ ಹಾಗೆ ಸೇವ್ ಮಾಡ್ಬೋದಂತೆ,’ ಎಂದಳು ಲೀಲಾ.

‘ಪುಕ್ಕಟೆ ಕೊಡೋಕೆ ಅವರೇನು ನಿನ್ನ ಸೋದರಮಾವನಾ?’ ಎಂದೆ ನಾನು.

ನಾನೂ ನನ್ನ ಪಾಡಿಗೆ ತನಿಖೆ ಶುರು ಮಾಡಿದೆ. ನಮ್ಮ ಕಡೆ ಯಾರಿಗೂ ಯಾವ ವಿಷಯವೂ ಗೊತ್ತಿಲ್ಲ ಎಂದಿಲ್ಲ. ಗೊತ್ತಿಲ್ಲ ಎನ್ನುವುದು ಮಾತ್ರ ಗೊತ್ತಿಲ್ಲ. ಯಸಳೂರು ಬಸ್ಸಿನಲ್ಲಿ ಪಕ್ಕ ಕೂತ ಎಸ್ಟೇಟ್ ರೈಟರೊಬ್ಬರು, ‘ಸುಮ್ನೆ ಸೀಡಿ ಹಾಕಿಸ್‌ಬುಡಿ ಕಣ್ರೀ. ನಮ್ ಆಫೀಸ್ನಾಗೂ ಅದೇ ಐತೆ. ಮೂರು ವರ್ಷ ಆತು, ಯಾವ ಪೊಲೀಸೂ ಬಂದಿಲ್ಲ,’ ಎಂದರು. ಬ್ಯಾಂಕಿನ ಗುಮಾಸ್ತರು ಆ ಕಡೆ ಈ ಕಡೆ ನೋಡಿ, ಪುಕ್ಕಟೆಯದರ ಒಳಗೆ ಏನೋ ಇಟ್ಟಿರುತ್ತಾರೆ ಎಂದು ಪಿಸುಗುಟ್ಟಿದರು. ಏನು ಎಂದು ಕೇಳಿದರೆ, ‘ಅದೇ ಅಲ್ವಾ ಮಾರಾಯ್ರೇ ಗೊತ್ತಾಗದೇ ಇರೋದು!’ ಎಂದರು. ಈ ಮಹಾನುಭಾವರನ್ನೆಲ್ಲ ಕೇಳಿ ನಾನು ಮನೆಗೆ ಬರುವಷ್ಟರಲ್ಲಿ ಬೆನೆಡಿಕ್ಟ್ ಪುಕ್ಕಟೆಯದನ್ನು ಹಾಕಿ, ನನ್ನ ಹೆಂಡತಿ ಕೊಟ್ಟ ಅಕ್ಕಿರೊಟ್ಟಿಯನ್ನೂ ತಿಂದು ಹೋಗಿದ್ದ.

ಸೋತವನು ಸುಮ್ಮನಿರಬೇಕು. ನಾನು ಸುಮ್ಮನಿರದೆ, ಲೀಲಾ ಇಲ್ಲದಾಗ ಆ ಲ್ಯಾಪ್‌ಟಾಪಿನ ಮುಂದೆ ಕೂತು ಪರೀಕ್ಷೆ ಮಾಡತೊಡಗಿದೆ. ಅದರ ಅಧಿಕಪ್ರಸಂಗ ಮೊದಲ ದಿನವೇ ಗೊತ್ತಾಯಿತು. ನಾನು ಸಣ್ಣಕ್ಷರ ಒತ್ತಿದರೆ ಅದು ದೊಡ್ಡಕ್ಷರ ಮಾಡುತ್ತದೆ. ಇಂಗ್ಲಿಷಿನಲ್ಲಿ ಯಸಳೂರು ಎಂದು ಹೊಡೆದರೆ ಕೆಳಗೆ ಕೆಂಪು ಗೆರೆ, ಹೊಂಗಡಹಳ್ಳಕ್ಕೂ ಕೆಂಪು ಗೆರೆ. ನನ್ನ ಹೆಸರು ಹೊಡೆದು ನೋಡಿದೆ; ಅದೂ ತಪ್ಪಂತೆ. ಎಲ್ಲಕ್ಕಿಂತ ಮೈ ಉರಿದದ್ದು ಸಾಲಿನ ಕೊನೆಯಲ್ಲಿ. ಗಂಟೆ ಇಲ್ಲ! ಅಂಚಿಗೆ ಬಂದ ಪದ ಹೇಳದೆ ಕೇಳದೆ ತಾನಾಗಿ ಕೆಳಗಿನ ಸಾಲಿಗೆ ಇಳಿದುಬಿಡುತ್ತದೆ. ಸಾಲು ಎಲ್ಲಿ ಮುಗಿಯಬೇಕು ಎನ್ನುವುದು ಟೈಪಿಸ್ಟನ ವಿವೇಕ. ಅದಕ್ಕಾಗಿ ನಾನು ಎಷ್ಟು ಮಕ್ಕಳ ಗೆಣ್ಣು ನೋಯಿಸಿದ್ದೇನೆ! ಆ ವಿವೇಕವನ್ನು ಒಂದು ಪುಕ್ಕಟೆ ಯಂತ್ರದ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ವರದಿ ಒಪ್ಪಿಸಬೇಕಾದ ವಾರ ಬಂತು. ತೊಂಬತ್ತು ಪುಟ ಹೊಡೆದಿಟ್ಟು, ಎರಡು ಮನೆಗಳಲ್ಲಿ ಏನೋ ಕೇಳುವುದು ಬಿಟ್ಟುಹೋಗಿದೆ ಎಂದು ಲೀಲಾ ಹೊಂಗಡಹಳ್ಳಕ್ಕೆ ಹೊರಟು, ಎರಡು ದಿನ ಅಲ್ಲೇ ಗೆಳತಿಯ ಮನೆಯಲ್ಲಿ ಉಳಿದಳು. ಲ್ಯಾಪ್‌ಟಾಪು ಮನೆಯಲ್ಲೇ ಇತ್ತು. ತೆಗೆದು ನೋಡಿದೆ. ಬರೆದದ್ದು ಚೆನ್ನಾಗಿತ್ತು, ಒಂದು ಕಡೆಯಂತೂ, ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಮಕ್ಕಳಿಗೆ ಗಂಜಿ ಬಡಿಸಿ ತಾನು ಉಂಡೆನೆಂದು ಹೇಳುವುದನ್ನು ಓದಿ ಕನ್ನಡಕ ಒರೆಸಿಕೊಂಡೆ. ನನ್ನ ಮಗಳು ಇಷ್ಟು ದೊಡ್ಡವಳಾದದ್ದು ಯಾವಾಗ ಎನ್ನಿಸಿತು. ಆ ಹೆಮ್ಮೆಯಲ್ಲೇ ಸಾಕು ಮಾಡಬಹುದಿತ್ತು. ಆದರೆ ಹೊಡೆತ ಮಾತ್ರ ಎರಡು ಬೆರಳಿನದು. ಇಷ್ಟು ಒಳ್ಳೆಯ ವರದಿಗೆ ಇಂಥ ಟೈಪಿಂಗೇ, ಅದೂ ಈ ಮನೆಯಿಂದ ಹೊರಡುವುದಕ್ಕೆ ಎನ್ನಿಸಿತು.

ಇನ್‌ಸ್ಟಿಟ್ಯೂಟಿಗೆ ಎರಡು ದಿನ ರಜ ಕೊಟ್ಟೆ. ಮೂವರಿಗೂ ಖುಷಿಯಾಯಿತು. ಕೂತು, ಒಂದೊಂದು ಸಾಲನ್ನೂ ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಸಿ ಎಂಟರ್ ಒತ್ತಿದೆ. ಗಂಟೆಯನ್ನು ಮನಸ್ಸಿನಲ್ಲೇ ಹೊಡೆದುಕೊಂಡೆ. ತಲೆಬರಹಗಳ ಅಕ್ಷರ ಎಣಿಸಿ, ಅರ್ಧ ಮಾಡಿ, ಅಷ್ಟು ಸ್ಪೇಸ್ ಬಿಟ್ಟು ನಡುವಿಗೆ ತಂದೆ. ಹೆಂಗಸರ ವಯಸ್ಸು, ಮಕ್ಕಳು, ಎಷ್ಟು ವರ್ಷದ ಕೆಲಸ ಎಂದು ಅವಳು ಹಾಕಿದ್ದ ಕೋಷ್ಟಕಗಳ ಚೌಕಗಳನ್ನೆಲ್ಲ ಕಿತ್ತು, ಸ್ಪೇಸ್ ಎಣಿಸಿ ಅಂಕಿಯ ಕೆಳಗೆ ಅಂಕಿ ಕೂರಿಸಿದೆ. ಬೆನ್ನು ಹಿಡಿಯಿತು, ಊಟ ಆರಿತು. ಹೆಂಡತಿ ಎರಡು ಸಲ ಬಂದು, ‘ಅವಳು ಹೇಳಿದ್ಳಾ ಇದನ್ನ ಮಾಡೋಕೆ?’ ಎಂದಳು. ನಾನು ಮುಂದಿನ ಸಾಲಿಗೆ ಇಳಿದೆ. ಮುಗಿಸುವಾಗ ಯಂತ್ರ, ಬದಲಾವಣೆಗಳನ್ನು ಉಳಿಸಬೇಕೇ ಎಂದು ಕೇಳಿತು. ನನ್ನನ್ನು ಆ ಮನೆಯಲ್ಲಿ ಮೊದಲ ಸಲ ಒಂದು ಮಾತು ಕೇಳಿದ್ದು ಅದೇ. ಸಂತೋಷದಿಂದ ಹೌದು ಎಂದೆ.

ಸಂಜೆ ಲೀಲಾ ಬಂದಳು. ತೋರಿಸಿದೆ. ಮೇಲಿನಿಂದ ಕೆಳಗೆ ಪುಟ ಸರಿಸಿದಳು. ಆಮೇಲೆ ನನ್ನ ಮುಖ ನೋಡಿದಳು. ‘ಚೆನ್ನಾಗಿದೆ ಅಪ್ಪಾಜಿ,’ ಎಂದಳು. ದಣಿದಿದ್ದಾಳೆ, ಅದಕ್ಕೇ ಹೆಚ್ಚು ಹೊಗಳಲಿಲ್ಲ ಎಂದುಕೊಂಡೆ.

ಮಾರನೆಯ ದಿನವೇ ಕೊನೆಯ ದಿನ. ಹಾಸನದ ಪ್ರಿಂಟಿಂಗ್ ಅಂಗಡಿಯವನು, ಬೈಂಡಿಂಗಿಗೆ ಬೇಕೆಂದು ಎಡಗಡೆ ಸ್ವಲ್ಪ ಜಾಗ ಹೆಚ್ಚು ಬಿಟ್ಟು, ಮೇಡಂ ಹೇಳಿದ್ದ ಅಳತೆಯ ಅಕ್ಷರಕ್ಕೆ ಬದಲಿಸಿದ. ಅಷ್ಟೇ. ನನ್ನ ಪ್ರತಿಯೊಂದು ಸಾಲಿನ ಕೊನೆಯ ಒಂದೆರಡು ಪದ ಕೆಳಕ್ಕೆ ಬಿದ್ದು ಒಂಟಿಯಾಗಿ ನಿಂತವು. ಒಂದು ಉದ್ದ ಸಾಲು, ಒಂದು ಮೋಟು ಸಾಲು, ಮತ್ತೆ ಉದ್ದ, ಮತ್ತೆ ಮೋಟು. ಪುಸ್ತಕದ ತುಂಬ ಇದೇ. ತೊಂಬತ್ತು ಪುಟ ನೂರೈವತ್ತು ದಾಟಿತು. ಕೋಷ್ಟಕಗಳಲ್ಲಿ ವಯಸ್ಸಿನ ಅಂಕಿ ಜಾರಿ ಮಕ್ಕಳ ಸಂಖ್ಯೆಯ ಕೆಳಗೆ ಕೂತಿತು. ಹೊಂಗಡಹಳ್ಳದ ಲೈನಿನ ಒಬ್ಬ ತಾಯಿಗೆ ನಲವತ್ತಾರು ಮಕ್ಕಳಾದರು. ಹಳೆಯ ಪ್ರತಿ ಎಲ್ಲೂ ಇರಲಿಲ್ಲ, ಅದರ ಮೇಲೆ ನಾನು ಸಂತೋಷದಿಂದ ಹೌದು ಎಂದಿದ್ದೆ. ಲೀಲಾ ಮೂರು ದಿನ ಹಾಸ್ಟೆಲಿನಲ್ಲಿ ಕೂತು, ಇನ್ನೊಂದು ಪ್ರತಿ ಮಾಡಿಕೊಂಡು ಒಂದೊಂದೇ ಸಾಲು ಜೋಡಿಸಿ, ತಡವಾಗಿ ಒಪ್ಪಿಸಿದಳು. ತಡವಾದದ್ದಕ್ಕೆ ಅಂಕ ಹೋಯಿತು. ಮೈಸೂರಿಗೆ ಬೇರೆ ಯಾರದೋ ವರದಿ ಹೋಯಿತು.

ಇಷ್ಟನ್ನೂ ಅವಳು ಆಗ ನನಗೆ ಹೇಳಲಿಲ್ಲ. ‘ಪ್ರಿಂಟ್ ತೆಗೀವಾಗ ಎಲ್ಲ ಅಸ್ತವ್ಯಸ್ತ ಆಯ್ತು, ಲೇಟಾಯ್ತು,’ ಎಂದಳು, ಅಷ್ಟೇ. ನನಗೆ ಅಷ್ಟೇ ಸಾಕಾಗಿತ್ತು.

‘ನಾನು ಅವತ್ತೇ ಬಡ್ಕೊಂಡೆ, ಪುಕ್ಕಟೆದು ಬೇಡ ಅಂತ!’

‘ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ,’ ಎಂದಳು ಹೆಂಡತಿ ಒಳಗಿನಿಂದ. ಮಗಳನ್ನು ಹಾಗೆ ಅನ್ನುವುದು ತಪ್ಪು ಎಂದು ನಾನು ಅವಳಿಗೂ ಬೈದೆ.

ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ನೇರ ಬೆನೆಡಿಕ್ಟನ ಅಂಗಡಿಗೆ ಹೋದೆ. ಐದಾರು ಗಿರಾಕಿಗಳಿದ್ದರು, ಒಳ್ಳೆಯದೇ ಆಯಿತು ಎಂದುಕೊಂಡೆ. ಇಪ್ಪತ್ತಾರು ವರ್ಷದ ಗಂಟಲಿನಲ್ಲಿ, ‘ಏನಯ್ಯಾ, ನಿನ್ನ ಪುಕ್ಕಟೆ ಸಾಮಾನು ಹಾಕಿ ನನ್ನ ಮಗಳ ವರ್ಷ ಹಾಳು ಮಾಡ್ದಲ್ಲಯ್ಯಾ!’ ಎಂದು ಕೂಗಿದೆ. ಅವನು ಎದ್ದು ನಿಂತು, ನನಗೆ ಕುರ್ಚಿ ಹಾಕಿ, ಆ ಹಾಳಾದ ಫೈಲನ್ನು ತೆಗೆಸಿದ. ಯಾವುದೋ ಒಂದು ಗುಂಡಿ ಒತ್ತಿದ. ಪುಟದ ತುಂಬ, ಪ್ರತಿ ಸಾಲಿನ ಕೊನೆಗೂ ಒಂದೊಂದು ಕೊಕ್ಕೆಯಂಥ ಗುರುತು ಎದ್ದು ನಿಂತಿತು. ತಲೆಬರಹಗಳ ಹಿಂದೆ ಇರುವೆ ಸಾಲಿನಂತೆ ಚುಕ್ಕಿಗಳು.

‘ನೋಡಿ ಸಾರ್,’ ಎಂದ, ದನಿ ತಗ್ಗಿಸಿ. ‘ಕೊಕ್ಕೆ ಇರೋ ಕಡೆಯೆಲ್ಲ ಎಂಟರ್ ಹೊಡೆದವ್ರೆ. ಚುಕ್ಕಿ ಇರೋ ಕಡೆ ಸ್ಪೇಸ್. ಸಾಫ್ಟ್‌ವೇರ್ ಯಾವುದೇ ಇರ್ಲಿ, ಲಕ್ಷ ರೂಪಾಯಿದೇ ಇರ್ಲಿ, ಹಿಂಗೆ ಹೊಡೆದ್ರೆ ಹಿಂಗೇ ಆಗೋದು. ಕಂಪ್ಯೂಟರ್ ಕಲ್ತವ್ರು ಹಿಂಗೆ ಮಾಡಲ್ಲ ಸಾರ್. ಇದು...’ ಎಂದು ತನ್ನ ಬೆರಳ ಗೆಣ್ಣನ್ನು ಸವರಿಕೊಂಡ. ‘ಇದು ನಮ್ಮ ಇನ್‌ಸ್ಟಿಟ್ಯೂಟಿನ ಕೈ ಸಾರ್. ಗಂಟೆ ಹೊಡೀತಾ, ಕೈ ಎತ್ತು. ಲೀಲಾ ಯಾರತ್ರ ಟೈಪ್ ಮಾಡಿಸಿದ್ಲು?’

ಆ ಕೊಕ್ಕೆಗಳನ್ನು ನೋಡಿದೆ. ಒಂದೂ ತಪ್ಪಿರಲಿಲ್ಲ. ಪ್ರತಿ ಸಾಲಿಗೂ ಇತ್ತು, ಎರಡು ದಿನದ ದುಡಿಮೆ.

‘ಯಾರೋ ಹಳೇ ಸ್ಟೂಡೆಂಟ್,’ ಎಂದೆ.

‘ಕರ್ಕೊಂಡು ಬನ್ನಿ ಸಾರ್. ವಯಸ್ಸಾಗಿದ್ರೂ ಪರ್ವಾಗಿಲ್ಲ. ಒಂದು ವಾರ ಕೂತ್ರೆ ಕಲ್ತುಬುಡ್ತಾರೆ,’ ಎಂದ ಬೆನೆಡಿಕ್ಟ್. ಅವನಿಗೆ ಗೊತ್ತಾಗಿತ್ತೇ? ಗೊತ್ತಾಗಿತ್ತು. ನಾನು ಅವನಿಗೆ ಎಂದೂ ಹೀಗೆ ನಾಲ್ಕು ಜನರೆದುರು ದನಿ ತಗ್ಗಿಸಿ ಪಾಠ ಹೇಳಿರಲಿಲ್ಲ.

ಮನೆಗೆ ಬಂದು ಲೀಲಾಳನ್ನು ಕೇಳಿದೆ, ಅವತ್ತು ಸಂಜೆಯೇ ನನಗೆ ಯಾಕೆ ಹೇಳಲಿಲ್ಲ ಎಂದು.

‘ಊಟ ಬಿಟ್ಟು ಮಾಡಿದ್ರಿ ಅಂತ ಅಮ್ಮ ಹೇಳಿದ್ಳು. ನೀವು ಅಷ್ಟು ಖುಷಿಯಾಗಿದ್ದಿದ್ದು ನೋಡಿ ಎಷ್ಟು ವರ್ಷ ಆಗಿತ್ತು,’ ಎಂದಳು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚುತ್ತ, ‘ಪ್ರಿಂಟಿಗೆ ಹೋದ್ಮೇಲೆ ಮೇಡಂ ಕೇಳಿದ್ರು, ಇದನ್ನ ಯಾರು ಟೈಪ್ ಮಾಡಿದ್ದು ಅಂತ. ನಾನೇ ಅಂದೆ,’ ಎಂದಳು.

ಅವಳು ಬೈದಿದ್ದರೆ ನಾನೂ ಬೈದು ಸರಿಮಾಡಿಕೊಳ್ಳುತ್ತಿದ್ದೆ. ನಾಚಿಕೆಯಾಯಿತು. ನಾಚಿಕೆಗೆ ಸಲಹೆ ಕೊಡುವವರು ಯಾರೂ ಇರಲಿಲ್ಲ.

ಇನ್‌ಸ್ಟಿಟ್ಯೂಟ್ ಮರುವರ್ಷ ಮುಚ್ಚಿತು. ಪುಕ್ಕಟೆ ಸಾಫ್ಟ್‌ವೇರ್ ಆ ಲ್ಯಾಪ್‌ಟಾಪಿನಲ್ಲಿ ಕೊನೆಯವರೆಗೂ ಒಂದು ತಕರಾರಿಲ್ಲದೆ ಕೆಲಸ ಮಾಡಿತು. ಲೀಲಾ ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳಲಿಲ್ಲ, ಲ್ಯಾಪ್‌ಟಾಪಿಗೆ ಒಂದು ಪಾಸ್‌ವರ್ಡ್ ಇಟ್ಟಳು, ಅಷ್ಟೇ. ಅವಳು ಅದನ್ನು ಒತ್ತುವಾಗ ನಾನು ಮರ್ಯಾದೆಯಿಂದ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ಆದರೆ ಕಿವಿಯನ್ನು ಎಲ್ಲಿಗೆ ತಿರುಗಿಸಲಿ? ಸದ್ದಿನಲ್ಲೇ ಲೆಕ್ಕ ಸಿಗುತ್ತಿತ್ತು: ಎಂಟು ಅಕ್ಷರ, ಎರಡೇ ಬೆರಳು, ಕೊನೆಯಲ್ಲಿ ಒಂದು ಎಂಟರ್. ಎರಡು ಬೆರಳು ತಪ್ಪು, ಹತ್ತೂ ಬಳಸಬೇಕು ಎಂಬ ಮಾತು ಪ್ರತಿ ಸಲವೂ ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ನನ್ನೊಳಗೆ ಎಲ್ಲೋ ಗಂಟೆ ಹೊಡೆಯುತ್ತಿತ್ತು. ಕೈ ಎತ್ತಿ ಸುಮ್ಮನಾಗುತ್ತಿದ್ದೆ.